ಘಾಟಿ ಏರುವ ಸೈಕಲ್: ದಾರಿ, ದಮ್ಮು ಮತ್ತು ಲೆಕ್ಕ

ಹಿಮ ಹೊದ್ದ ಬೆಟ್ಟಗಳ ನಡುವೆ ಹಾವಿನಂತೆ ಸುತ್ತಿ ಹೋಗುವ ರಸ್ತೆ, ಅದರ ಮೇಲೆ ಸಾಮಾನು ಕಟ್ಟಿಕೊಂಡು ನಿಧಾನವಾಗಿ ಏರುತ್ತಿರುವ ಒಬ್ಬ ಸೈಕಲ್ ಸವಾರ. ಇಂಥ ದೃಶ್ಯವನ್ನು ನೀವು ದೂರದರ್ಶನದಲ್ಲಿ ನೋಡಿರಬಹುದು. ತೆರೆಯ ಮೇಲೆ ಅದು ಕೆಲವೇ ಸೆಕೆಂಡುಗಳಲ್ಲಿ ಮುಗಿದು ಹೋಗುತ್ತದೆ. ಆತ ಹೇಗೆ ಏರುತ್ತಾನೆ, ಆ ದಾರಿ ಏಕೆ ಹಾಗೆ ಸುತ್ತುತ್ತದೆ, ಅಲ್ಲಿ ವಾಹನಗಳ ಗದ್ದಲ ಏಕಿಲ್ಲ ಎಂದು ಹೇಳಲು ಅಲ್ಲಿ ಸಮಯವಿರುವುದಿಲ್ಲ. ಆ ಕೆಲಸವನ್ನು ಈ ಪುಟಗಳಲ್ಲಿ ಮಾಡೋಣ. ಅದಕ್ಕೆ ಹಿಮಾಲಯಕ್ಕೆ ಹೋಗಬೇಕಾಗಿಲ್ಲ. ಹೊನ್ನಾಳಿಯ ಹೊಳೆಯ ದಂಡೆಯಿಂದಲೇ ಆರಂಭಿಸಬಹುದು.

ನದಿಯೇ ಮೊದಲ ಸರ್ವೇಯರ್

ಹೊನ್ನಾಳಿಯಲ್ಲಿ ಹರಿಯುವ ತುಂಗಭದ್ರೆಯ ಒಂದು ಭಾಗವಾದ ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳನ್ನು ದಾಟಿ, ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಇಲ್ಲಿಗೆ ಬರುತ್ತದೆ. ಈ ಊರುಗಳ ಎತ್ತರವನ್ನು ಸಾಲಾಗಿ ಬರೆದು ನೋಡಿ. ಸಮುದ್ರಮಟ್ಟದಿಂದ ಶೃಂಗೇರಿ ಸುಮಾರು 670 ಮೀಟರ್, ತೀರ್ಥಹಳ್ಳಿ 590, ಶಿವಮೊಗ್ಗ 570, ಹೊನ್ನಾಳಿ 540. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿಯಲ್ಲಿ ಒಟ್ಟು ಇಳಿತ ಕೇವಲ 130 ಮೀಟರ್! ಸಾವಿರ ಮೀಟರ್ ನಡೆದರೆ ಹೆಚ್ಚುಕಡಿಮೆ ಒಂದು ಮೀಟರ್ ಇಳಿದಂತೆ.

ಬೆಟ್ಟದ ಸೀಮೆಯಲ್ಲಿ ಸೈಕಲ್ ಪ್ರವಾಸ ಮಾಡುವವರ ಮೊದಲ ಸೂತ್ರ ಇಲ್ಲೇ ಇದೆ. ಮೊದಲು ನದಿಯ ಕಣಿವೆಯನ್ನು ಹಿಡಿ, ಆಮೇಲೆ ಘಾಟಿಯನ್ನು ಏರು. ಮನಾಲಿಯಿಂದ ಲೇಹ್‌ಗೆ ಹೋಗುವ ಪ್ರಸಿದ್ಧ ದಾರಿಯೂ ಹೀಗೆಯೇ. ಬಿಯಾಸ್ ನದಿಯ ಕಣಿವೆಯಿಂದ ಹೊರಟು, ರೋಹ್ತಾಂಗ್ ಘಾಟಿಯನ್ನು ದಾಟಿ, ಚಂದ್ರಾ ಮತ್ತು ಭಾಗಾ ನದಿಗಳ ಕಣಿವೆಗಳಲ್ಲಿ ಸಾಗಿ, ಬಾರಾಲಾಚಾ ಘಾಟಿಯನ್ನು ಏರುತ್ತದೆ. ಕಣಿವೆಯ ದಾರಿ ಉದ್ದವಾದರೂ ಹಗುರ. ಘಾಟಿಯ ದಾರಿ ಚಿಕ್ಕದಾದರೂ ಕಠಿಣ.

ಎರಡು ಕಣಿವೆಗಳ ನಡುವೆ ಬೆಟ್ಟಸಾಲು ಎಲ್ಲಿ ತಗ್ಗಾಗಿದೆಯೋ ಅಲ್ಲಿ ಮನುಷ್ಯ ದಾಟುತ್ತಾನೆ. ನೀರೂ ಹೀಗೆಯೇ ಬೆಟ್ಟಗಳ ನಡುವಿನ ಸಂದನ್ನು ಹುಡುಕಿಕೊಂಡು ಹರಿಯುತ್ತದೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ, ಅಂದರೆ ಶಾಂತಿಸಾಗರದ ಏರಿಯ ಮೇಲೆ ನಿಂತು ನೋಡಿ. ಎರಡು ಗುಡ್ಡಗಳ ನಡುವಿನ ಸಂದಿಗೆ ನಮ್ಮ ಪೂರ್ವಿಕರು ಏರಿ ಹಾಕಿ ವಿಶಾಲವಾದ ಕೆರೆಯನ್ನೇ ಕಟ್ಟಿದರು. ನೆಲದ ಉಬ್ಬುತಗ್ಗುಗಳನ್ನು ಓದುವ ವಿದ್ಯೆ ಕೆರೆ ಕಟ್ಟುವವನಿಗೂ ರಸ್ತೆ ಕಟ್ಟುವವನಿಗೂ ಒಂದೇ.

ನಮ್ಮ ಘಾಟಿಗೆ ಒಂದೇ ಮಗ್ಗುಲು

ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. ಆಗುಂಬೆಯ ಎತ್ತರ ಸುಮಾರು 640 ಮೀಟರ್. ಚನ್ನಗಿರಿಯ ಎತ್ತರ ಸುಮಾರು 660. ಅಂದರೆ ಚನ್ನಗಿರಿಯ ವಿದ್ಯಾರ್ಥಿ ಮನೆಯಲ್ಲಿ ಕುಳಿತಿರುವಾಗಲೇ ಘಾಟಿಯ ನೆತ್ತಿಯ ಮಟ್ಟದಲ್ಲಿದ್ದಾನೆ! ಪಶ್ಚಿಮಘಟ್ಟದ ಘಾಟಿಗಳು ಪ್ರಸ್ಥಭೂಮಿಯ ಅಂಚಿನ ಮೆಟ್ಟಿಲಿನಂತೆ. ಒಂದು ಕಡೆ ಕಡಿದಾದ ಇಳಿತ, ಇನ್ನೊಂದು ಕಡೆ ಹೆಚ್ಚುಕಡಿಮೆ ಸಮತಟ್ಟು. ನಾವು ಆಗುಂಬೆಯ 14 ತಿರುವುಗಳನ್ನು ಮೊದಲು ಇಳಿಯುತ್ತೇವೆ, ಮರಳುವಾಗ ಏರುತ್ತೇವೆ. ಹಿಮಾಲಯ ಮತ್ತು ಆಲ್ಪ್ಸ್‌ನ ಘಾಟಿಗಳಾದರೋ ಕುದುರೆಯ ಜೀನಿನಂತೆ. ಎರಡೂ ಮಗ್ಗುಲಿಗೆ ಇಳಿಜಾರು.

ಏರಿನ ಲೆಕ್ಕ

ನೂರು ಮೀಟರ್ ದಾರಿಯಲ್ಲಿ ಆರು ಮೀಟರ್ ಮೇಲೇರಿದರೆ ಅದು ಶೇಕಡಾ 6ರ ಏರು. ಇಟಲಿಯ ಸ್ಟೆಲ್ವಿಯೋ ಘಾಟಿಯ ಎತ್ತರ 2,757 ಮೀಟರ್. ಅದರ ಒಂದು ಮಗ್ಗುಲಿನಲ್ಲಿ 48 ಹೇರ್‌ಪಿನ್ ತಿರುವುಗಳಿವೆ. ಈ ತಿರುವುಗಳು ಅಂದಕ್ಕಾಗಿ ಮಾಡಿದವಲ್ಲ. ಏರಬೇಕಾದ ಎತ್ತರವನ್ನು ಕಡಿಮೆ ಮಾಡಲಾಗದು, ಆದರೆ ದಾರಿಯನ್ನು ಉದ್ದ ಮಾಡಬಹುದು. ದಾರಿ ಉದ್ದವಾದಷ್ಟೂ ಏರು ಸೌಮ್ಯವಾಗುತ್ತದೆ.

ನಿಮ್ಮ ಮತ್ತು ಸೈಕಲ್ಲಿನ ಒಟ್ಟು ತೂಕ 75 ಕಿಲೋ ಎಂದಿಟ್ಟುಕೊಳ್ಳಿ. ಶೇಕಡಾ 6ರ ಏರಿನಲ್ಲಿ ಭೂಮಿ ನಿಮ್ಮನ್ನು ಹಿಂದಕ್ಕೆ ಎಳೆಯುವ ಬಲ 75 × 9.8 × 0.06, ಅಂದರೆ ಸುಮಾರು 44 ನ್ಯೂಟನ್. ಟೈರಿನ ಎಳೆತಕ್ಕೆ ಇನ್ನೊಂದು 6 ಸೇರಿಸಿದರೆ 50 ನ್ಯೂಟನ್. ಆರೋಗ್ಯವಂತ ಯುವಕ ಯುವತಿಯರು ಸ್ವಲ್ಪ ಅಭ್ಯಾಸದಿಂದ ಸುಮಾರು 100 ವ್ಯಾಟ್ ಶಕ್ತಿಯನ್ನು ಬಹಳ ಹೊತ್ತು ಕೊಡಬಲ್ಲರು. 100 ವ್ಯಾಟನ್ನು 50 ನ್ಯೂಟನ್ನಿನಿಂದ ಭಾಗಿಸಿದರೆ ವೇಗ ಸೆಕೆಂಡಿಗೆ 2 ಮೀಟರ್, ಗಂಟೆಗೆ 7 ಕಿಲೋಮೀಟರ್ ಚಿಲ್ಲರೆ. ಅದೇ ಶಕ್ತಿಯಲ್ಲಿ ಸಮತಟ್ಟಾದ ರಸ್ತೆಯ ಮೇಲೆ ನೀವು ಗಂಟೆಗೆ 20 ಕಿಲೋಮೀಟರ್ ಹೋಗಬಲ್ಲಿರಿ. ಆದ್ದರಿಂದ ಘಾಟಿಯಲ್ಲಿ ನಿಧಾನವಾದರೆ ಅದು ದೌರ್ಬಲ್ಯವಲ್ಲ, ಭೌತಶಾಸ್ತ್ರ. 12 ಕಿಲೋಮೀಟರಿನ ಇಂಥ ಏರನ್ನು ಒಂದೇ ಸಮನೆ ತುಳಿದರೂ ಒಂದೂ ಮುಕ್ಕಾಲು ಗಂಟೆಯೊಳಗೆ 720 ಮೀಟರ್ ಎತ್ತರಕ್ಕೆ ತಲುಪುತ್ತೀರಿ.

ಹಾಗಾದರೆ ನಮ್ಮ ಸಾಧಾರಣ ಸೈಕಲ್ ಏಕೆ ಸೋಲುತ್ತದೆ? 2006–07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟಂಥ ಸೈಕಲ್ಲಿಗೆ ಒಂದೇ ಗೇರು. ಪೆಡಲಿನ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು ಇದ್ದರೆ, ಪೆಡಲನ್ನು ಒಂದು ಸುತ್ತು ತುಳಿದಾಗ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಮೇಲಿನ ಏರಿನಲ್ಲಿ ನಿಮಿಷಕ್ಕೆ 22 ಸುತ್ತು ಮಾತ್ರ ತುಳಿಯಲು ಸಾಧ್ಯ. ಪ್ರತಿ ಸುತ್ತಿಗೂ ಮಂಡಿಯ ಮೇಲೆ ವಿಪರೀತ ಭಾರ. ಪ್ರವಾಸದ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 34 ಹಲ್ಲಿನ ಗೇರು ಹಾಕಿದರೆ ಅದೇ ವೇಗಕ್ಕೆ ನಿಮಿಷಕ್ಕೆ 65ರಿಂದ 70 ಸುತ್ತು. ಕೆಲಸ ಅಷ್ಟೇ, ಆದರೆ ಅದು ಸಣ್ಣ ಸಣ್ಣ ತುತ್ತುಗಳಾಗಿ ಹಂಚಿಹೋಗುತ್ತದೆ. ಗೇರು ಹೊಸ ಶಕ್ತಿಯನ್ನು ಕೊಡುವುದಿಲ್ಲ, ಇರುವ ಶಕ್ತಿಯನ್ನು ಕಾಲಿಗೆ ಹೊಂದುವಂತೆ ಮಾಡುತ್ತದೆ.

ಜಗಳೂರಿನ ಗಾಳಿಯೂ ಒಂದು ಬೆಟ್ಟ

"ನಮ್ಮ ಜಗಳೂರು ಬಯಲುಸೀಮೆ, ಇಲ್ಲಿ ಅಭ್ಯಾಸ ಹೇಗೆ?" ಎಂದು ಕೇಳುವಿರೇನು? ಆಷಾಢದ ಗಾಳಿಯಲ್ಲಿ ಪಡುವಣಕ್ಕೆ, ದಾವಣಗೆರೆಯ ಕಡೆಗೆ ಸೈಕಲ್ ತುಳಿದು ನೋಡಿ. ಗಂಟೆಗೆ 20 ಕಿಲೋಮೀಟರ್ ವೇಗದ ಎದುರುಗಾಳಿಯಲ್ಲಿ ನೀವು 10 ಕಿಲೋಮೀಟರ್ ವೇಗದಲ್ಲಿ ಹೋದರೆ, ಗಾಳಿಯ ಹೆಚ್ಚುವರಿ ತಡೆ ಸುಮಾರು 22 ನ್ಯೂಟನ್. ಇದು ಶೇಕಡಾ 3ರ ಏರಿಗೆ ಸಮ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ನಿಮಗೆ ಘಾಟಿಯ ಪಾಠವನ್ನೂ ಹೇಳಿಕೊಡುತ್ತದೆ. ವ್ಯತ್ಯಾಸ ಇಷ್ಟೇ: ಬೆಟ್ಟಕ್ಕೆ ನೆತ್ತಿ ಎಂಬುದಿದೆ, ಗಾಳಿಗೆ ಇಲ್ಲ.

ಇಳಿಯುವಾಗ ಎಚ್ಚರ

ಏರು ದಣಿಸುತ್ತದೆ. ಆದರೆ ಅಪಾಯವಿರುವುದು ಇಳಿಯುವಾಗ. 75 ಕಿಲೋ ಭಾರ 720 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 530 ಕಿಲೋಜೂಲ್. ಒಂದೂವರೆ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅದು ಸಾಕು. ವೇಗವನ್ನು ತಡೆದು ಇಳಿದರೆ ಇದರ ಬಹುಪಾಲು ಶಾಖವಾಗಿ ಬ್ರೇಕ್ ರಬ್ಬರು ಮತ್ತು ರಿಮ್ಮಿಗೆ ಹೋಗುತ್ತದೆ. ಬ್ರೇಕನ್ನು ಒಂದೇ ಸಮನೆ ಹಿಡಿದರೆ ರಿಮ್ ಕಾದು ಟ್ಯೂಬ್ ಒಡೆಯಲೂಬಹುದು. ಆದ್ದರಿಂದ ತಿರುವಿಗೆ ಮೊದಲೇ ಎರಡೂ ಬ್ರೇಕ್‌ಗಳನ್ನು ಸಮನಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಬಿಡಿ. ನಡುನಡುವೆ ನಿಂತು ಆರಲು ಬಿಡಿ.

ಮಳೆಗಾಲದಲ್ಲಿ ಇನ್ನೊಂದು ಗಂಡಾಂತರವಿದೆ. ಸಾಧಾರಣ ಸೈಕಲ್ಲಿನ ಉಕ್ಕಿನ ರಿಮ್ ನೆನೆದಾಗ ಬ್ರೇಕ್ ಹಿಡಿಯುವುದು ತೀರ ಕಡಿಮೆ. ಅಂಥ ಸೈಕಲ್ಲಿನಲ್ಲಿ ಆಗುಂಬೆಯ ಮಳೆಯಲ್ಲಿ ಇಳಿಯುವ ಸಾಹಸ ಬೇಡ. ಇಳಿದು ತಳ್ಳಿಕೊಂಡು ನಡೆಯುವುದರಲ್ಲಿ ಅವಮಾನವೇನೂ ಇಲ್ಲ.

ದಮ್ಮಿನ ಪ್ರಶ್ನೆ

ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇಕಡಾ 80ರಷ್ಟು. ಹೆಚ್ಚಿನವರಿಗೆ ಅದು ತೊಂದರೆ ಕೊಡದು. ಲಡಾಖಿನ ಖರ್ದುಂಗ್ ಲಾ ಮುಂತಾದ 5,300 ಮೀಟರ್ ಮೀರಿದ ಘಾಟಿಗಳಲ್ಲಿ ಒತ್ತಡ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅರ್ಧ. ಗಟ್ಟಿಮುಟ್ಟಾದ ಯುವಕನೂ ಇಲ್ಲಿ ಕುಸಿಯಬಹುದು. ದೇಹ ಒಗ್ಗಿಕೊಳ್ಳಲು ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಮತ್ತು ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಾಂತಿ ಬೇಕು ಎಂಬುದು ವೈದ್ಯರ ಸಲಹೆ. ತಲೆನೋವು, ವಾಕರಿಕೆ ಬಂದರೆ ಮುಂದೆ ಏರಬೇಡಿ. ಅದು ಹೆಚ್ಚಾದರೆ ಬೆಳಗಾಗಲೆಂದು ಕಾಯದೆ ಕೆಳಗಿಳಿಯಿರಿ. ಎಷ್ಟೋ ಪ್ರಾಣಗಳು ಹೋಗಿರುವುದು "ಇನ್ನೇನು ನೆತ್ತಿ ಬಂತು" ಎಂಬ ಹಟದಿಂದ.

ನಿಶ್ಶಬ್ದದ ದಾರಿ ಎಲ್ಲಿ?

ಸೈಕಲ್ ಪ್ರವಾಸಿ ಹುಡುಕುವುದು ಅಗಲವಾದ ರಸ್ತೆಯನ್ನಲ್ಲ, ವಾಹನಗಳು ಬಿಟ್ಟುಹೋದ ರಸ್ತೆಯನ್ನು. ಸ್ವಿಟ್ಜರ್‌ಲೆಂಡಿನ ಗೊಟಾರ್ಡ್ ಘಾಟಿಯ ಕೆಳಗೆ 1980ರಲ್ಲಿ ಸುಮಾರು 17 ಕಿಲೋಮೀಟರ್ ಉದ್ದದ ರಸ್ತೆ ಸುರಂಗ ತೆರೆಯಿತು. ವಾಹನಗಳ ಬಹುಪಾಲು ಸುರಂಗವನ್ನು ಹಿಡಿದವು. ಟ್ರೆಮೋಲಾ ಎಂಬ ಹಳೆಯ ಕಲ್ಲುಹಾಸಿನ ದಾರಿ ಇಂದು ಸೈಕಲ್ ಸವಾರರ ಪ್ರೀತಿಯ ದಾರಿ. ನಮ್ಮಲ್ಲಿ ರೋಹ್ತಾಂಗಿನ ಕೆಳಗೆ 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲೇಹ್‌ಗೆ ಹೋಗುವ ಲಾರಿಗಳು ಅದರೊಳಗೆ ಸಾಗುತ್ತಿವೆ. ಮನಾಲಿಯ ಕಡೆಯಿಂದ ಪ್ರವಾಸಿ ವಾಹನಗಳು ಇಂದಿಗೂ ಮೇಲೇರುತ್ತವೆಯಾದರೂ, ಹಳೆಯ ದಾರಿಗೆ ಮೊದಲಿನ ಭಾರವಿಲ್ಲ.

ಈ ತತ್ವ ನಿಮ್ಮ ಊರಿಗೂ ಅನ್ವಯಿಸುತ್ತದೆ. ಹೊಸ ಹೆದ್ದಾರಿಯ ಪಕ್ಕದಲ್ಲಿ ಉಳಿದ ಹಳೆಯ ರಸ್ತೆ, ಕಾಲುವೆಯ ದಂಡೆಯ ದಾರಿ, ನ್ಯಾಮತಿಯ ಸುತ್ತಿನ ಹಳ್ಳಿಯಿಂದ ಹಳ್ಳಿಗೆ ಹೋಗುವ ಕಿರುರಸ್ತೆ, ಇವೆಲ್ಲ ಅದೇ ಜಾತಿಯವು. ಲಾರಿಗಳು ನುಗ್ಗುವ ಹೆದ್ದಾರಿಯಲ್ಲಿ ಐದು ಕಿಲೋಮೀಟರ್ ಉಳಿಸುವುದಕ್ಕಿಂತ, ಇಂಥ ದಾರಿಯಲ್ಲಿ ಹತ್ತು ಕಿಲೋಮೀಟರ್ ಹೆಚ್ಚು ಸುತ್ತುವುದೇ ಜಾಣತನ.

ನೀವೇ ಮಾಡಿ ನೋಡಿ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯನ್ನು ನಿಮ್ಮ ಭೂಗೋಳದ ಅಧ್ಯಾಪಕರಲ್ಲಿ ಕೇಳಿ. ಅದರಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ರಸ್ತೆ ಎಷ್ಟು ಸಮೋನ್ನತಿ ರೇಖೆಗಳನ್ನು ದಾಟುತ್ತದೆ ಎಂದು ಎಣಿಸಿ. ರೇಖೆಗಳ ಅಂತರ 20 ಮೀಟರ್ ಇದ್ದು, ಒಂದು ಕಿಲೋಮೀಟರಿನಲ್ಲಿ ಮೂರು ರೇಖೆಗಳಷ್ಟು ಮೇಲೇರಿದರೆ ಅದು ಶೇಕಡಾ 6ರ ಏರು. ಅದಕ್ಕೆ ನಿಮ್ಮ ತೂಕವನ್ನು ಸೇರಿಸಿ, ಬೇಕಾಗುವ ಬಲವನ್ನೂ ವೇಗವನ್ನೂ ಲೆಕ್ಕ ಹಾಕಿ. ಭಾನುವಾರ ಬೆಳಿಗ್ಗೆ ಬ್ರೇಕ್ ಪರೀಕ್ಷಿಸಿ, ನೀರು ಕಟ್ಟಿಕೊಂಡು, ಗೆಳೆಯರೊಡನೆ ಹೊರಡಿ. ಮನೆಯಲ್ಲಿ ದಾರಿಯನ್ನು ಹೇಳಿ ಹೋಗಿ. ನಿಮ್ಮ ಲೆಕ್ಕ ಎಷ್ಟು ಸರಿ ಎಂದು ರಸ್ತೆಯೇ ಹೇಳುತ್ತದೆ.

ಊರಿನ ದಿಬ್ಬವನ್ನು ಲೆಕ್ಕ ಹಾಕಿ ಏರಿದವರಿಗೆ ಹಿಮಾಲಯದ ಘಾಟಿಯೂ ತೀರ ಅಪರಿಚಿತವಲ್ಲ. ಅಲ್ಲಿ ಎತ್ತರ ಹೆಚ್ಚು, ಉಸಿರು ಕಡಿಮೆ. ಸೂತ್ರ ಮಾತ್ರ ಅದೇ.