ಎದೆಯ ಗಂಟಿನ ಪರೀಕ್ಷೆ: ತಾಯಂದಿರೂ ಮಕ್ಕಳೂ ತಿಳಿಯಬೇಕಾದ ವಿಚಾರ

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಲ್ಲಿ ನಮ್ಮ ಬಂಧುವರ್ಗಕ್ಕೆ ಸೇರಿದ ಮನೆಯೊಂದಿದೆ. ಆ ಮನೆಯ ಹಿರಿಯ ತಾಯಿ ತಮ್ಮ ಎದೆಯಲ್ಲಿ ಕಾಣಿಸಿಕೊಂಡ ಗಂಟನ್ನು ಏಳು ತಿಂಗಳ ಕಾಲ ಯಾರಿಗೂ ಹೇಳದೆ ಸೆರಗಿನ ಮರೆಯಲ್ಲಿಯೇ ಇಟ್ಟುಕೊಂಡಿದ್ದರು. ಗಂಟಿನಲ್ಲಿ ನೋವಿರಲಿಲ್ಲ, ಕಬ್ಬು ಕಡಿಯುವ ಕಾಲ ಬೇರೆ, ಮಗನೆದುರು ಹೇಳಲು ಸಂಕೋಚ. ಕೊನೆಗೆ ಸೊಸೆಗೆ ತಿಳಿದು, ಆಕೆಯೇ ಅತ್ತೆಯನ್ನು ಮೈಸೂರಿಗೆ ಕರೆದೊಯ್ದಳು. ಸೂಜಿಯಿಂದ ಗಂಟಿನ ಚೂರನ್ನು ತೆಗೆದು ಪರೀಕ್ಷಿಸಿದಾಗ ಸ್ತನದ ಕ್ಯಾನ್ಸರ್ ಎಂದು ತಿಳಿಯಿತು.

ಶಸ್ತ್ರಕ್ರಿಯೆ ಬೇರೊಂದು ಚಿಕಿತ್ಸಾಲಯದಲ್ಲಿ ನಡೆಯಿತು. ತೆಗೆದ ಗಂಟನ್ನು ಶೀಸೆಯೊಂದರಲ್ಲಿ ಹಾಕಿ, ಪ್ರಯೋಗಾಲಯಕ್ಕೆ ಮುಟ್ಟಿಸುವಂತೆ ಮಗನ ಕೈಗೆ ಕೊಟ್ಟರು. ಆತ ಮುಂದೆ ನಮ್ಮಲ್ಲಿಗೆ ಬಂದು ಕಣ್ಣೀರಿಟ್ಟನು: “ದೊಡ್ಡಪ್ಪ, ಅದು ಬರೀ ಉಪ್ಪುನೀರು ಅಂತ ನನಗೆ ಹೇಗೆ ಗೊತ್ತಾಗಬೇಕು? ಶನಿವಾರ ಸಂಜೆ ಕೊಟ್ಟರು. ಭಾನುವಾರ ಬಾಗಿಲು ಹಾಕಿತ್ತು. ಸೋಮವಾರ ಕೊಟ್ಟು ಬಂದೆ.” ಅಂಗಾಂಶವು ಕೆಟ್ಟುಹೋಗಿದೆ, ಗ್ರಾಹಕ ಪರೀಕ್ಷೆಯನ್ನು ಮಾಡಲಾಗದು ಎಂದು ಪ್ರಯೋಗಾಲಯದವರು ಬರೆದು ಕಳುಹಿಸಿದ್ದರು.

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದಿದ ನಮಗೆ ಈ ‘ಗ್ರಾಹಕ’ ಏನೆಂಬುದು ತಿಳಿದಿರಲಿಲ್ಲ. ಬಲ್ಲ ವೈದ್ಯರನ್ನು ಕೇಳಿ ತಿಳಿದುದನ್ನು ಓದುಗರ ಮುಂದಿಡುತ್ತಿದ್ದೇವೆ.

ಸ್ತ್ರೀದೇಹದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ರಕ್ತದಲ್ಲಿ ಸಂಚರಿಸುತ್ತದೆ. ಕೆಲವು ಜೀವಕೋಶಗಳ ಕೇಂದ್ರದಲ್ಲಿ ಅದನ್ನು ಬರಮಾಡಿಕೊಳ್ಳುವ ಪ್ರೋಟೀನು ಇರುತ್ತದೆ, ಅದೇ ಗ್ರಾಹಕ. ಇದನ್ನು 1950ರ ದಶಕದ ಕೊನೆಯಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ಅವರು ಕಂಡುಹಿಡಿದರು. ಅರ್ಬುದದ ಕೋಶಗಳಲ್ಲಿ ಈ ಗ್ರಾಹಕವಿದ್ದರೆ, ಆ ರೋಗವು ಹಾರ್ಮೋನಿನ ಬಲದಿಂದ ಬೆಳೆಯುತ್ತಿದೆಯೆಂದು ಸಾಮಾನ್ಯವಾಗಿ ತಿಳಿಯಬಹುದು. ಪಂಕ್ತಿಯಲ್ಲಿ ಒಬ್ಬರಿಗೆ ಮೀಸಲಾದ ಮಣೆಯ ಮೇಲೆ ಮತ್ತೊಬ್ಬರು ಕುಳಿತುಬಿಟ್ಟರೆ ಮೊದಲಿನವರಿಗೆ ಎಡೆಯಿಲ್ಲ. ಟ್ಯಾಮಾಕ್ಸಿಫೆನ್ ಎಂಬ ಮಾತ್ರೆ ಮಾಡುವ ಕೆಲಸ ಇದೇ. ಗ್ರಾಹಕವುಳ್ಳ ರೋಗಿಗಳು ಇದನ್ನು ಸುಮಾರು 5 ವರ್ಷ ಸೇವಿಸಿದರೆ ಆ ರೋಗದಿಂದ ಸಂಭವಿಸುವ ಸಾವು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ. ಗ್ರಾಹಕವಿಲ್ಲದವರಿಗೆ ಇದರಿಂದ ಪ್ರಯೋಜನವಿಲ್ಲ. ಆದುದರಿಂದ ಗ್ರಾಹಕವು ಇದೆಯೋ ಇಲ್ಲವೋ ಎಂಬ ಒಂದು ಮಾತಿನ ಮೇಲೆ ಮುಂದಿನ ಹಲವು ವರ್ಷಗಳ ಚಿಕಿತ್ಸೆ ನಿಂತಿದೆ.

ಮೊದಲಿಗೆ ಈ ಪರೀಕ್ಷೆಗೆ ಹಸಿ ಅಂಗಾಂಶವನ್ನು ಶೈತ್ಯದಲ್ಲಿರಿಸಿ, ಅರೆದು, ವಿಕಿರಣಶೀಲ ಹಾರ್ಮೋನನ್ನು ಬೆರೆಸಿ ಅಳೆಯಬೇಕಾಗಿತ್ತು. ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಡ್ಜಿನಲ್ಲಿ ಕೊಹ್ಲರ್ ಮತ್ತು ಮಿಲ್‌ಸ್ಟೀನ್ ಅವರು ಕಂಡುಹಿಡಿದರು. ಜೆಫ್ರಿ ಗ್ರೀನ್ ಮತ್ತು ಜೆನ್ಸನ್ ಅವರು 1980ರಲ್ಲಿ ಮಾನವನ ಈಸ್ಟ್ರೋಜೆನ್ ಗ್ರಾಹಕಕ್ಕೆ ಅಂತಹ ಪ್ರತಿಕಾಯಗಳನ್ನು ಸಿದ್ಧಪಡಿಸಿ ಪ್ರಕಟಿಸಿದರು. ಈ ದಾರಿ ತೆರೆದ ಮೇಲೆ, ಮೇಣದಲ್ಲಿ ಹುದುಗಿಸಿಟ್ಟ ಒಂದು ಸಣ್ಣ ಚೂರಿನಲ್ಲಿಯೂ ಗ್ರಾಹಕವನ್ನು ಹುಡುಕುವುದು ಕ್ರಮೇಣ ಸಾಧ್ಯವಾಯಿತು.

ಮೇಣದ ಅಚ್ಚಿನಿಂದ ಕೂದಲೆಳೆಗಿಂತ ತೆಳುವಾದ ಪದರವನ್ನು ಕೊಯ್ದು ಗಾಜಿನ ಸ್ಲೈಡಿನ ಮೇಲೆ ಹರಡುತ್ತಾರೆ. ಮುಚ್ಚಿಹೋದ ಗ್ರಾಹಕಗಳು ತೆರೆದುಕೊಳ್ಳಲೆಂದು ಸ್ಲೈಡನ್ನು ತಕ್ಕ ದ್ರಾವಣದಲ್ಲಿಟ್ಟು ಬಿಸಿ ಮಾಡುತ್ತಾರೆ. ಎಷ್ಟೋ ಪ್ರಯೋಗಾಲಯಗಳಲ್ಲಿ ಇದಕ್ಕೆ ನಮ್ಮ ಅಡಿಗೆಮನೆಯ ಪ್ರೆಷರ್ ಕುಕ್ಕರನ್ನೇ ಬಳಸುವುದುಂಟು! ಬಳಿಕ ಪ್ರತಿಕಾಯವನ್ನು ಹನಿಸುತ್ತಾರೆ. ಅದು ಗ್ರಾಹಕವನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದ ಕಡೆಯಲ್ಲಿ ಬಣ್ಣ ಮೂಡಿಸುವ ದ್ರವ್ಯವನ್ನು ಸೇರಿಸಿದಾಗ ಕೋಶದ ಕೇಂದ್ರವು ಕಂದುಬಣ್ಣಕ್ಕೆ ತಿರುಗುತ್ತದೆ. ಗ್ರಾಹಕವಿಲ್ಲದ ಕೋಶವು ನೀಲಿಯಾಗಿಯೇ ಉಳಿಯುತ್ತದೆ. 2010ರ ಅಮೆರಿಕದ ವೈದ್ಯಸಂಸ್ಥೆಗಳ ಮಾರ್ಗದರ್ಶಿಯಂತೆ ನೂರು ಅರ್ಬುದಕೋಶಗಳಲ್ಲಿ ಒಂದಾದರೂ ಕಂದಾದರೆ ‘ಗ್ರಾಹಕವಿದೆ’ ಎಂದು ಬರೆಯಬೇಕು.

ಪ್ರತಿಕಾಯವು ಎಷ್ಟೇ ನಿಪುಣವಾಗಿದ್ದರೂ, ಕೊಳೆತ ಅಂಗಾಂಶದಲ್ಲಿ ನಾಶವಾದ ಗ್ರಾಹಕವನ್ನು ಅದು ಹುಡುಕಲಾರದು. ಇದ್ದ ಗ್ರಾಹಕವು ಇಲ್ಲವೆಂಬ ಸುಳ್ಳು ಉತ್ತರ ಬಂದು, ತಕ್ಕ ಮಾತ್ರೆಯು ರೋಗಿಗೆ ತಪ್ಪಿಹೋಗಬಹುದು. ಅರಕೆರೆಯ ತಾಯಿಯ ವಿಷಯದಲ್ಲಿ ‘ಮಾಡಲಾಗದು’ ಎಂದು ಪ್ರಾಮಾಣಿಕವಾಗಿ ಬರೆದುದೇ ಉಪಕಾರವಾಯಿತು.

ಆಗ ಹಿರಿಯ ವೈದ್ಯರೊಬ್ಬರು, “ಮೊದಲು ಸೂಜಿಯಿಂದ ತೆಗೆದ ಚೂರು ಎಲ್ಲಿದೆ?” ಎಂದು ಕೇಳಿದರು. ಅದನ್ನು ತೆಗೆದೊಡನೆ ಫಾರ್ಮಲಿನ್ನಿನಲ್ಲಿ ಹಾಕಿದ್ದರು. ಅದರ ಮೇಣದ ಅಚ್ಚು ಮೈಸೂರಿನಲ್ಲಿ ಭದ್ರವಾಗಿತ್ತು. ಮಗ ಹೋಗಿ ಅದನ್ನು ತಂದನು. ಪರೀಕ್ಷೆಯಲ್ಲಿ ಬಹುಪಾಲು ಕೋಶಗಳು ಕಂದಾಗಿ ಕಂಡವು. ಆ ತಾಯಿಗೆ ಮಾತ್ರೆ ಆರಂಭವಾಗಿ ಈಗ ಮೂರನೆಯ ವರ್ಷ ನಡೆಯುತ್ತಿದೆ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಶಸ್ತ್ರಕ್ರಿಯೆಗೆ ಮುನ್ನವೇ ವೈದ್ಯರನ್ನು ವಿನಯದಿಂದ ಕೇಳಿರಿ: ತೆಗೆದ ಅಂಗಾಂಶವನ್ನು ಒಂದು ಗಂಟೆಯೊಳಗೆ ಹದವಾದ ಶೇಕಡ 10ರ ಫಾರ್ಮಲಿನ್ನಿನಲ್ಲಿ ಹಾಕುವರೇ? ಅದರಲ್ಲಿ 6 ಗಂಟೆಗೆ ಕಡಿಮೆಯಿಲ್ಲದೆ, 72 ಗಂಟೆಗೆ ಮೀರದೆ ಇರಿಸುವರೇ? ಗ್ರಾಹಕ ಪರೀಕ್ಷೆಯನ್ನು ಮಾಡಿಸುವರೇ? ಮೇಣದ ಅಚ್ಚು ಎಲ್ಲಿರುತ್ತದೆ? ಶೀಸೆಯನ್ನು ನಿಮ್ಮ ಕೈಗೆ ಕೊಟ್ಟರೆ, ಒಳಗಿರುವ ದ್ರವ ಯಾವುದೆಂದು ಕೇಳದೆ ಹೊರಡಬೇಡಿರಿ. ವರದಿಗಳನ್ನು ಮನೆಪತ್ರಗಳಂತೆ ಜೋಪಾನ ಮಾಡಿರಿ. ಮಾತ್ರೆಯನ್ನು ವೈದ್ಯರ ಮಾತಿಲ್ಲದೆ ಆರಂಭಿಸಲೂ ಬಾರದು, ನಿಲ್ಲಿಸಲೂ ಬಾರದು. ಮುಟ್ಟು ನಿಂತವರಲ್ಲಿ ರಕ್ತಸ್ರಾವ ಕಂಡರೆ, ಕಾಲು ಊದಿಕೊಂಡರೆ ಕೂಡಲೇ ತಿಳಿಸಬೇಕು.

ತಾಯಂದಿರಿಗೆ ಒಂದು ಮಾತು. ನೋವಿಲ್ಲವೆಂದು ಗಂಟನ್ನು ಅಲಕ್ಷಿಸಬೇಡಿರಿ. ಸಂಕೋಚಕ್ಕೆ ಕೊಟ್ಟ ಏಳು ತಿಂಗಳನ್ನು ಯಾವ ಪ್ರಯೋಗಾಲಯವೂ ಹಿಂತಿರುಗಿಸಲಾರದು. ಮಗನಿಗೆ ಹೇಳಲಾಗದಿದ್ದರೆ ಸೊಸೆಗೆ ಹೇಳಿರಿ. ಅರಕೆರೆಯ ಆ ಮನೆಯಲ್ಲಿ ಅತ್ತೆಯ ಜೀವವನ್ನು ಕಾಯಲು ಮೊದಲು ಹೆಜ್ಜೆಯಿಟ್ಟವಳು ಸೊಸೆಯೇ ಎಂಬುದನ್ನು ಮರೆಯದಿರೋಣ.