ಲಿಂಫೋಮಾ: ಒಂದು ರೋಗ ಹಲವಾದ ಕಥೆ

ಕುತ್ತಿಗೆಯಲ್ಲಿ ನೋವಿಲ್ಲದ ಗಡ್ಡೆ. ವರದಿಯಲ್ಲಿ ‘ಲಿಂಫೋಮಾ’ ಎಂದಿದೆ. ಮನೆಮಂದಿಯೆಲ್ಲ ಮೊದಲು ಕೇಳುವುದು ‘ಎಷ್ಟನೇ ಸ್ಟೇಜು?’ ಎಂದು. ಅದಕ್ಕೂ ಮುಂಚೆ ಕೇಳಬೇಕಾದದ್ದು ‘ಯಾವ ಬಗೆ?’ ಎಂದು. ದುಗ್ಧರಸ ವ್ಯವಸ್ಥೆಯ ಕ್ಯಾನ್ಸರಿಗಿರುವ ಈ ಒಂದು ಹೆಸರಿನಡಿ ಇಂದು 60ಕ್ಕೂ ಹೆಚ್ಚು ಬೇರೆಬೇರೆ ರೋಗಗಳಿವೆ. ಅವನ್ನು ಬಿಡಿಸಿ ನೋಡಲು ವೈದ್ಯಲೋಕಕ್ಕೆ ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತ, ಅಲ್ಲಿನ ಅಂಗಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಥಾಮಸ್ ಹಾಡ್ಜ್‌ಕಿನ್, ದುಗ್ಧರಸ ಗ್ರಂಥಿಗಳೂ ಗುಲ್ಮವೂ ಊದಿಕೊಂಡು ತೀರಿಕೊಂಡ ಏಳು ರೋಗಿಗಳ ಬಗ್ಗೆ 1832ರಲ್ಲಿ ಬರೆದರು. ಬರಿಗಣ್ಣಿಗೆ ಕಂಡಷ್ಟೇ ಅವರಿಗಿದ್ದ ಆಧಾರ. ಸ್ಯಾಮ್ಯುಯೆಲ್ ವಿಲ್ಕ್ಸ್ 1865ರಲ್ಲಿ ಈ ರೋಗಕ್ಕೆ ಹಾಡ್ಜ್‌ಕಿನ್ ಹೆಸರನ್ನೇ ಇಟ್ಟರು. ಸಂಗ್ರಹಾಲಯದಲ್ಲಿ ಉಳಿದಿದ್ದ ಆ ಹಳೆಯ ತುಣುಕುಗಳನ್ನು 1926ರಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಎಲ್ಲವೂ ಒಂದೇ ರೋಗದವಲ್ಲ ಎಂದು ತಿಳಿಯಿತು.

ಅಷ್ಟರಲ್ಲಿ ಈ ರೋಗದ ಗುರುತು ಸಿಕ್ಕಿತ್ತು. ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ 1898ರಲ್ಲಿ ಈ ಗಡ್ಡೆಗಳಲ್ಲಿ ದೈತ್ಯ ಕೋಶಗಳನ್ನು ವರ್ಣಿಸಿದರು. ಆದರೆ ಇದು ಕ್ಷಯದ್ದೇ ಒಂದು ರೂಪ ಎಂದುಕೊಂಡರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಡೊರೊಥಿ ರೀಡ್ 1902ರಲ್ಲಿ ಅದೇ ಕೋಶಗಳನ್ನು ವಿವರವಾಗಿ ಚಿತ್ರಿಸಿ, ಇದು ಕ್ಷಯವಲ್ಲ, ಬೇರೆಯೇ ರೋಗ ಎಂದು ವಾದಿಸಿದರು. ರೀಡ್-ಸ್ಟರ್ನ್‌ಬರ್ಗ್ ಕೋಶ ಇಂದಿಗೂ ಹಾಡ್ಜ್‌ಕಿನ್ ಲಿಂಫೋಮಾದ ಗುರುತು. ಉಳಿದ ಲಿಂಫೋಮಾಗಳೆಲ್ಲ ‘ನಾನ್-ಹಾಡ್ಜ್‌ಕಿನ್’ ಎಂಬ ಒಂದೇ ರಾಶಿಗೆ ಬಿದ್ದವು.

ಆ ರಾಶಿಯನ್ನು ಒಡೆಯುವ ದಾರಿ ತೋರಿಸಿದ್ದು ಇಲಿ, ಕೋಳಿಮರಿಗಳು. ಜಾಕ್ ಮಿಲ್ಲರ್ ಇಲಿಗಳಲ್ಲಿ, ಮ್ಯಾಕ್ಸ್ ಕೂಪರ್ ಕೋಳಿಮರಿಗಳಲ್ಲಿ 1960ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ, ರೋಗದೊಡನೆ ಹೋರಾಡುವ ಲಿಂಫೋಸೈಟುಗಳಲ್ಲಿ ಬಿ ಮತ್ತು ಟಿ ಎಂಬ ಎರಡು ವಂಶಗಳಿವೆ ಎಂಬುದು ಸ್ಪಷ್ಟವಾಯಿತು. ಯಾವ ವಂಶದ ಕೋಶ, ಬೆಳವಣಿಗೆಯ ಯಾವ ಹಂತದಲ್ಲಿ ಹದ ತಪ್ಪಿತು ಎಂಬುದೇ ರೋಗದ ಸ್ವಭಾವವನ್ನು ನಿರ್ಧರಿಸುತ್ತದೆ.

ಆದರೆ ಗೊಂದಲ ಹೆಚ್ಚಿತು. ಲಿಂಫೋಮಾದ ಬಗೆಗಳನ್ನು ವಿಂಗಡಿಸಲು ಅಮೆರಿಕದಲ್ಲಿ ರಾಪಪೋರ್ಟ್ ಪಟ್ಟಿ, ಅದಕ್ಕೆ ಎದುರಾಗಿ ಲೂಕ್ಸ್-ಕಾಲಿನ್ಸ್ ಪಟ್ಟಿ, ಜರ್ಮನಿಯ ಕೀಲ್‌ನಲ್ಲಿ ಲೆನ್ನರ್ಟ್ ಪಟ್ಟಿ. ಒಂದೇ ಗಡ್ಡೆಗೆ ಊರಿಗೊಂದು ಹೆಸರು. ಆರು ಪಟ್ಟಿಗಳನ್ನು 1,175 ರೋಗಿಗಳ ಮಾದರಿಗಳ ಮೇಲೆ ಒರೆಹಚ್ಚಿದ ಅಧ್ಯಯನ 1982ರಲ್ಲಿ ಹೊರಬಂತು. ಯಾವುದೂ ಉಳಿದವಕ್ಕಿಂತ ಮೇಲೆಂದು ತೀರ್ಮಾನವಾಗಲಿಲ್ಲ. ಕೊನೆಗೆ 1994ರಲ್ಲಿ ಹಲವು ದೇಶಗಳ 19 ತಜ್ಞರು ಕೋಶದ ಆಕಾರ, ಅದರ ಮೈಮೇಲಿನ ಪ್ರೊಟೀನು, ಜೀನಿನ ದೋಷ, ರೋಗಿಯಲ್ಲಿ ಕಾಯಿಲೆ ಸಾಗುವ ರೀತಿ, ಈ ನಾಲ್ಕನ್ನೂ ಒಟ್ಟಿಗೆ ಇಟ್ಟುಕೊಂಡು ಒಪ್ಪಿತ ಪಟ್ಟಿ ಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ 2001ರ ವರ್ಗೀಕರಣಕ್ಕೆ ಅದೇ ಬುನಾದಿ.

ಈ ಹೆಸರುಗಳ ಮೇಲೆ ಜೀವ ನಿಂತಿದೆ. ಫಾಲಿಕ್ಯುಲರ್ ಲಿಂಫೋಮಾ ವರ್ಷಗಟ್ಟಲೆ ನಿಧಾನವಾಗಿ ಬೆಳೆಯಬಹುದು. ತೊಂದರೆ ಕೊಡದಿದ್ದರೆ ಔಷಧಿಯಿಲ್ಲದೆ ಕಾದು ನೋಡುವುದೂ ಒಂದು ಚಿಕಿತ್ಸಾಕ್ರಮ. ಡೆನಿಸ್ ಬರ್ಕಿಟ್ 1958ರಲ್ಲಿ ಉಗಾಂಡಾದ ಮಕ್ಕಳ ದವಡೆಯಲ್ಲಿ ಗುರುತಿಸಿದ ಬರ್ಕಿಟ್ ಲಿಂಫೋಮಾ ದಿನಗಳಲ್ಲೇ ದುಪ್ಪಟ್ಟಾಗುತ್ತದೆ, ಅಲ್ಲಿ ತಡ ಮಾಡುವಂತಿಲ್ಲ. ಜಠರದ ಮಾಲ್ಟ್ ಲಿಂಫೋಮಾ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಬಂದಿದ್ದರೆ, ಎಷ್ಟೋ ಸಲ ಆ್ಯಂಟಿಬಯಾಟಿಕ್ ಮಾತ್ರೆಗೇ ಕರಗುತ್ತದೆ. ಅಮೆರಿಕದಲ್ಲಿ 1997ರಲ್ಲಿ ಅನುಮೋದನೆ ಪಡೆದ ರಿಟುಕ್ಸಿಮ್ಯಾಬ್ ಬಿ ಕೋಶದ ಸಿಡಿ20 ಎಂಬ ಗುರುತನ್ನು ಹುಡುಕಿ ಅಂಟಿಕೊಳ್ಳುತ್ತದೆ. ಆ ಗುರುತಿಲ್ಲದ ಟಿ ಕೋಶದ ಲಿಂಫೋಮಾಕ್ಕೆ ಅದರಿಂದ ಪ್ರಯೋಜನವಿಲ್ಲ.

ನಮ್ಮಲ್ಲಿ ಕುತ್ತಿಗೆಯ ಗಡ್ಡೆ ಎಂದರೆ ಮೊದಲ ಅನುಮಾನ ಕ್ಷಯದ ಮೇಲೆ. ಅದು ಸಹಜವೇ, ಹಲವು ಸಲ ನಿಜವೂ ಹೌದು. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಕ್ಷಯ, ಲಿಂಫೋಮಾ ಎರಡರಲ್ಲೂ ಕಾಣುತ್ತದೆ. ಆದರೆ ತುಣುಕು ತೆಗೆದು ನೋಡದೆ ಕ್ಷಯದ ಮಾತ್ರೆ ಶುರುಮಾಡಿದರೆ ಲಿಂಫೋಮಾಕ್ಕೆ ತಿಂಗಳುಗಳ ಅವಕಾಶ ಕೊಟ್ಟಂತೆ. ಪರೀಕ್ಷೆಗೂ ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಗಡ್ಡೆ ಕುಗ್ಗಿ ಗುರುತು ಮಸುಕಾಗಬಹುದು. ಸೂಜಿಯಲ್ಲಿ ಹೀರಿದ ನಾಲ್ಕು ಕೋಶ ಬಹಳ ಸಲ ಸಾಲದು. ಸಾಧ್ಯವಾದಲ್ಲಿ ಇಡೀ ಗ್ರಂಥಿಯನ್ನೇ ತೆಗೆದು, ಕೋಶದ ಪ್ರೊಟೀನುಗಳನ್ನು ಗುರುತಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಪರೀಕ್ಷೆ ಮಾಡಿಸಬೇಕು. ಆ ವರದಿಗೆ ಕೆಲವು ದಿನ ಹೆಚ್ಚು ಹಿಡಿಯುತ್ತದೆ, ಖರ್ಚೂ ಇದೆ. ಆದರೂ ರೋಗದ ಪೂರ್ತಿ ಹೆಸರು ಕೇಳಿ ತಿಳಿದುಕೊಳ್ಳುವುದು ರೋಗಿಯ ಹಕ್ಕು. ಸರಿಯಾದ ಔಷಧಿ ಆ ಹೆಸರಿನಿಂದಲೇ ಶುರುವಾಗುತ್ತದೆ.