ಪಾದರಸದ ಕಟ್ಟು

ಕೇಳುಗರಲ್ಲಿ ಹಲವರು ಬಲ್ಲ ಪ್ರಯೋಗವೊಂದುಂಟು. ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸದ ಬಟ್ಟಲಿನಲ್ಲಿ ಬೋರಲಾಗಿ ನಿಲ್ಲಿಸಿದರೆ, ಕಡಲದಂಡೆಯಲ್ಲಿ ಅದು ಸುಮಾರು 76 ಸೆಂಟಿಮೀಟರಿಗೆ ಇಳಿದು ನಿಲ್ಲುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಬಯಲುಸೀಮೆ ಐದಾರುನೂರು ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ 71ರ ಆಸುಪಾಸಿಗೆ ನಿಂತೀತು. ಅದನ್ನು ಎತ್ತಿ ಹಿಡಿಯುವುದು ಹೊರಗಿನ ಗಾಳಿಯ ಭಾರ. ಕನ್ನಡ ಪಾಠ ಹೇಳಿಕೊಂಡು ಬಂದ ನನ್ನನ್ನು ಸೆಳೆದದ್ದು ಈ ಲೆಕ್ಕ ತಪ್ಪುವ ಸಂದರ್ಭ.

ಗಾಳಿಯ ಸುಳಿವಿಲ್ಲದಂತೆ ಶುದ್ಧಿಮಾಡಿದ ಪಾದರಸ 30 ಅಂಗುಲಕ್ಕೆ ಇಳಿಯದೆ 75 ಅಂಗುಲದ ಎತ್ತರದಲ್ಲಿಯೇ ತೂಗಿ ನಿಲ್ಲಬಲ್ಲುದೆಂದು 17ನೆಯ ಶತಮಾನದಲ್ಲಿಯೇ ಹಾಲೆಂಡಿನ ಹೈಗೆನ್ಸ್ ಬರೆದರು. ಕೊಳವೆಯನ್ನು ಅಲುಗಿಸಿದರೆ ಮಾತ್ರ ಧೊಪ್ಪನೆ ಬೀಳುತ್ತಿತ್ತು. ಗಾಳಿ ಹೊರಬಲ್ಲುದು 30 ಅಂಗುಲವನ್ನಷ್ಟೆ, ಉಳಿದುದನ್ನು ಹೊತ್ತವರಾರು? ಗಾಜಿಗೆ ಅಂಟಿದ ಪಾದರಸ ತನ್ನ ಕೆಳಗಿನದನ್ನು, ಅದು ಮತ್ತೂ ಕೆಳಗಿನದನ್ನು, ಸೇದುವ ಹಗ್ಗದ ಹಾಗೆ ಎಳೆದು ಹಿಡಿದಿತ್ತು. ಹಗ್ಗ ಹರಿಯುವುದು ನವೆದ ಎಳೆಯಲ್ಲಿ; ದ್ರವ ತುಂಡಾಗುವುದು ಗಾಜಿನ ಮೈಗಂಟಿದ ಗಾಳಿ, ಕೊಳೆಗಳ ತಾಣದಲ್ಲಿ. 1953ರಲ್ಲಿ ಅಮೆರಿಕದ ಲೈಮನ್ ಬ್ರಿಗ್ಸ್ ಪಾದರಸ ತುಂಬಿದ ಕೊಳವೆಯನ್ನು ಗರಗರನೆ ತಿರುಗಿಸಿ, ವಾಯುಭಾರದ ನಾನೂರು ಪಟ್ಟಿಗೂ ಮಿಕ್ಕ ಸೆಳೆತವನ್ನು ಅದು ತಾಳುವುದನ್ನು ಅಳೆದರು. ಆಗ ಅವರಿಗೆ ಎಂಬತ್ತರ ಹತ್ತಿರ ವಯಸ್ಸು. ನನ್ನಂತಹ ನಿವೃತ್ತರು ಗಮನಿಸತಕ್ಕದ್ದು!

ಇನ್ನು ಒತ್ತಡ. ಚಂಚಲವಾದ ಪಾದರಸವನ್ನು ಗಟ್ಟಿಗೊಳಿಸುವುದನ್ನು ನಮ್ಮ ರಸವಾದಿಗಳು ‘ರಸಬಂಧ’ವೆಂದು ಕರೆದು, ಮೂಲಿಕೆ ಗಂಧಕಗಳೊಡನೆ ಹೆಣಗಿದರು. ಬರಿಯ ಒತ್ತಡವೂ ಆ ಕೆಲಸ ಮಾಡಬಲ್ಲುದು. ಸೊನ್ನೆಗಿಂತ 39 ಡಿಗ್ರಿ ಕೆಳಗೆ ಹೆಪ್ಪುಗಟ್ಟುವ ಪಾದರಸ, ವಾಯುಭಾರದ ಸುಮಾರು 7,500 ಪಟ್ಟು ಒತ್ತಡದಲ್ಲಿ ಸೊನ್ನೆ ಡಿಗ್ರಿಗೇ ಗಟ್ಟಿಯಾಗುತ್ತದೆ. ಹೆಪ್ಪುಗಟ್ಟಿದಾಗ ಅದು ಕುಗ್ಗುವುದರಿಂದ ಒತ್ತಡ ಆ ಕುಗ್ಗುವಿಕೆಗೇ ನೆರವಾಗುತ್ತದೆ. ಕೂಡ್ಲಿಗಿಯ ನೆರೆಯ ಸಂಡೂರು ಗುಡ್ಡಗಳಲ್ಲಿ ಅದಿರಾಗಿರುವ ಕಬ್ಬಿಣವೂ ಇದಕ್ಕೆ ಹೊರತಲ್ಲ. ನಮ್ಮ ಕಾಲಡಿಯಲ್ಲಿ 5,150 ಕಿಲೋಮೀಟರಿನಿಂದಾಚೆ, ಕರಗಿ ನೀರಾಗಬೇಕಾದ ಬಿಸಿಯಲ್ಲಿಯೂ ಅದು ಒತ್ತಡದಿಂದಲೇ ಘನವಾಗಿ ಕುಳಿತಿದೆ.

ಒತ್ತಡದ ಬೆನ್ನಿಗೇ ಸೆಳೆತ ಬಂದಾಗ ಅಪಾಯ. ಅಮೆರಿಕದ ಓಕ್ ರಿಜ್‌ನಲ್ಲಿ 2006ರಿಂದ, ಹರಿಯುವ ಪಾದರಸಕ್ಕೆ ಪ್ರೋಟಾನುಗಳಿಂದ ಸೆಕೆಂಡಿಗೆ 60 ಸಲ ಹೊಡೆದು ನ್ಯೂಟ್ರಾನುಗಳನ್ನು ಪಡೆಯುತ್ತಾರೆ. ಪ್ರತಿ ಹೊಡೆತಕ್ಕೂ ಒಂದು ಒತ್ತಡದ ಅಲೆ, ಹಿಂದೆಯೇ ಸೆಳೆತ. ಸೆಳೆತಕ್ಕೆ ದ್ರವ ಬಿರಿದು ಗುಳ್ಳೆಗಳೇಳುತ್ತವೆ. ಆ ಗುಳ್ಳೆಗಳು ಕುಸಿಯುವ ರಭಸಕ್ಕೆ ಪಾತ್ರೆಯ ಉಕ್ಕಿನಲ್ಲಿಯೇ ಕುಳಿಗಳು ಬಿದ್ದವು. ಹೊಳೆಯ ನೀರೆತ್ತುವ ಪಂಪಿನ ಚಕ್ರ ಕುಳಿಬಿದ್ದುದನ್ನು ಕಂಡ ಹಡಗಲಿಯ ರೈತನಿಗೆ ಈ ಪೆಟ್ಟು ಅಪರಿಚಿತವಲ್ಲ. ಓಕ್ ರಿಜ್‌ನವರು ಈಗ ಪಾದರಸದೊಳಕ್ಕೆ ಹೀಲಿಯಮ್ ಅನಿಲದ ಸಣ್ಣ ಗುಳ್ಳೆಗಳನ್ನು ತಾವೇ ಬಿಟ್ಟು, ಆ ಹೊಡೆತವನ್ನು ಮೆತ್ತಗಾಗಿಸಿದ್ದಾರೆ.